ದಾರ ಕಟ್ಟಿದ ಗುಳಿಗೆ

ಹೆತ್ತ ತಾಯಿಯ ಅನ್ನನಾಳದ ಎರಡನೆಯ ಚಿತ್ರವನ್ನು ಹಿರಿಯ ಮಗ ಅಳಿಸಿಹಾಕಿದ. ಆಕೆಗೆ ಚಿಕಿತ್ಸೆ ಕೊಟ್ಟ ಡಾಕ್ಟರೂ ಅವನೇ.

ಚಿತ್ರ ತೆಗೆದ ಕಿರಿಯ ಸೊಸೆ ಯಂತ್ರದ ಪಕ್ಕದಲ್ಲೇ ನಿಂತಿದ್ದಳು. ವರ್ಷಗಟ್ಟಲೆ ಹೊಟ್ಟೆಯಿಂದ ಮೇಲಕ್ಕೆ ಉಕ್ಕಿದ ಹುಳಿ ಅತ್ತೆಯ ಅನ್ನನಾಳದ ಒಳಪದರವನ್ನೇ ಬದಲಿಸಿಬಿಟ್ಟಿತ್ತು. ಅದು ಕ್ಯಾನ್ಸರ್ ಅಲ್ಲ, ಕ್ಯಾನ್ಸರಿನ ಹೊಸ್ತಿಲು. ಭಾವ ಆ ಪದರವನ್ನು ಮೂರು ಸಲ ಸುಟ್ಟಿದ್ದ. ಈಗ ಹೊಸ ಪದರ ಬಂದಿತ್ತು, ಕೂಸಿನ ಅಂಗಾಲಿನಷ್ಟು ನಯವಾಗಿ. ಕೊಳವೆ ಇಳಿಸಿ ನೋಡಿದವರೆಲ್ಲ ಭೇಷ್ ಅಂದಿದ್ದರು. ನಾಳೆ ನಾನೂರು ಡಾಕ್ಟರುಗಳ ಮುಂದೆ ನಿಂತು, "ನನ್ನ ತಾಯಿಗೇ ಮಾಡಿ ಗೆದ್ದಿದ್ದೇನೆ" ಎಂದು ಅವನು ಹೇಳಿಕೊಳ್ಳುವುದಿತ್ತು.

ಆದರೆ ಸೊಸೆಯ ಯಂತ್ರದ ಬೆಳಕು ಮೇಲ್ಮೈ ನೋಡಿ ಮರುಳಾಗುವುದಿಲ್ಲ. ಅದು ಪದರದ ಒಳಕ್ಕೆ ಹೋಗುತ್ತದೆ. ಆ ಬೆಳಕು ಹೊತ್ತ, ದಾರ ಕಟ್ಟಿದ ಗುಳಿಗೆಯನ್ನು ಅತ್ತೆಗೆ ನುಂಗಿಸಿ, ಇಷ್ಟಿಷ್ಟೇ ಮೇಲಕ್ಕೆಳೆದಾಗ, ಆ ನಯದ ಕೆಳಗೆ ಐದು ಕಪ್ಪು ಕುಳಿಗಳು... ಸುಟ್ಟ ಪದರದ, ಹೂತುಹೋದರೂ ಸಾಯದ ಹಳೆಯ ಗ್ರಂಥಿಗಳು!

"ಗಾಳಿಗುಳ್ಳೆ ಕಣಮ್ಮ ಅವು," ಅಂದ ಭಾವ. "ಹಾಗಂತ ಬರೆದು ಸಹಿ ಹಾಕು."

"ಗುಳ್ಳೆ ಆಗಿದ್ರೆ ನೀರು ಕುಡಿಸಿದ ಮೇಲೆ ಜಾಗ ಬಿಡ್ಬೇಕಿತ್ತು, ಭಾವ. ಎರಡನೇ ಸಲಾನೂ ಐದೂ ಇದ್ದಲ್ಲೇ ಇದ್ವು. ಅದಕ್ಕೇ ತಾನೆ ನೀವು ಅದನ್ನ ಅಳಿಸಿದ್ದು?"

"ಗುಂಡಿ ಒತ್ತೋಳು ನನಗೆ ಪಾಠ ಹೇಳ್ತೀಯಾ? ಮನೆ ಮರ್ಯಾದೆ ಅನ್ನೋದು ಗೊತ್ತೇನು ನಿನಗೆ?"

"ಮರ್ಯಾದೆಗೆ ಕ್ಯಾನ್ಸರ್ ಬರಲ್ಲ, ಭಾವ... ಅತ್ತೆಗೆ ಬರುತ್ತೆ!"

ಪರದೆಯ ಆಚೆ ಅತ್ತೆ ಮಲಗಿದ್ದ ಮಂಚ ಕಿರುಗುಟ್ಟಿತು. ಸೊಸೆ ಆ ಕಡೆ ತಿರುಗಿದಳು. ಅವಳಿಗೆ ಗುಂಡಿ ಒತ್ತೋಳು ಎಂಬ ಹೆಸರಿಟ್ಟದ್ದೇ ಅತ್ತೆ. ಹನ್ನೊಂದು ವರ್ಷ, ಬಂದವರೆದುರು ಹೋದವರೆದುರು ಅದೇ ಹೆಸರು. ದೊಡ್ಡ ಮಗನ ಗುಣಗಾನ ಮಾಡದೆ ಆಕೆ ಒಂದು ತುತ್ತು ಎತ್ತಿದವಳಲ್ಲ. ಅಂಥವಳು ತನ್ನ ಮಾತು ನಂಬುವುದುಂಟೇ?

ಪರದೆ ಸರಿಯಿತು. ಅತ್ತೆ ಮಂಚದ ಮೇಲೆ ಎದ್ದು ಕೂತಿದ್ದಳು. ಕಣ್ಣು ಯಂತ್ರದ ಮೇಲಿತ್ತು.

"ಏನಿಲ್ಲಮ್ಮ, ಎಲ್ಲ ಗುಣ ಆಗಿದೆ," ಮಗ ನಗಲು ನೋಡಿದ. "ಇಳಿ, ಮನೆಗೆ ಹೋಗೋಣ."

"ಎರಡು ಸಲ ನುಂಗಿದೋಳು ನಾನು. ಎರಡು ಸಲಾನೂ ಕಣ್ಣಲ್ಲಿ ನೀರು ಬಂತು. ಅಲ್ಲಿ ಚಿತ್ರ ಒಂದೇ ಯಾಕೋ ಇದೆ?"

ಮಗ ಯಂತ್ರಕ್ಕೆ ಅಡ್ಡ ಬಂದು ನಿಂತ.

"ನನ್ನ ಗಂಟಲಲ್ಲಿ ಇಳಿದದ್ದನ್ನ ನೀನು ಹೇಗೋ ಅಳಿಸ್ತೀಯ, ಮಗನೇ?" ಆಮೇಲೆ ಸೊಸೆಯ ಕಡೆ ತಿರುಗಿ, ಎಂದಿನ ಗಡಸಿನಲ್ಲೇ ಗದರಿದಳು: "ಏ ಗುಂಡಿ ಒತ್ತೋಳೇ, ಅಳ್ತಾ ನಿಂತ್ಕೋಬೇಡ. ಆ ದಾರದ ಗುಳಿಗೆ ತಾ. ಇವನ ಕಣ್ಣೆದುರೇ ಎಳಿ, ಐದಿದ್ಯೋ ಆರಾಗಿದ್ಯೋ ನೋಡ್ಲಿ."

"ಅಮ್ಮಾ, ಇಳಿ ಅಂದೆ!"

"ಇಳಿಯಲ್ಲ."

ಸೊಸೆ ಬೆರಳಿಗೆ ದಾರ ಸುತ್ತಿಕೊಂಡಳು. ಮಗ ಬಂದು ತಾಯಿಯ ತೋಳು ಹಿಡಿದೆಳೆದ. ಅತ್ತೆ ಇನ್ನೊಂದು ಕೈಯಲ್ಲಿ ಮಂಚದ ಸರಳನ್ನು ಬಿಗಿಯಾಗಿ ಹಿಡಿದು, ಬಾಯಿ ತೆರೆದಳು.