ಗೇರಿನಲ್ಲಿದ್ದ ಟ್ರ್ಯಾಕ್ಟರು

ಮಗನ ಸಾವಿನ ಪಂಚನಾಮೆಗೆ ಗಾಳೆಪ್ಪ ತಾನೇ ಹೆಬ್ಬೆಟ್ಟು ಒತ್ತಿದ್ದ. ‘ಹುಡುಗ ಗೇರು ನೋಡದೆ ಹ್ಯಾಂಡಲ್ ತಿರುವಿದ’ ಎಂದು ಅದರಲ್ಲಿ ಬರೆದಿತ್ತು. ಸ್ವಾತಂತ್ರ್ಯ ಬಂದ ಮರುವರ್ಷದ ಮಾತು. ಮಗ ಹೊಳೆಯಪ್ಪನಿಗೆ ಆಗ ಹತ್ತೊಂಬತ್ತು. ಸೀಟಿನ ಮೇಲೆ ಕೂತು ಗೇರು ಹಾಕಿಟ್ಟವರು ಡೋಣಿ ಊರಿನ ಸಾಹುಕಾರ ಅಂದಾನಪ್ಪ. ಎಂಜಿನ್ನು ಹೊತ್ತಿತು, ಟ್ರ್ಯಾಕ್ಟರಿನ ಕಬ್ಬಿಣದ ಗಾಲಿ ಮುಂದೆ ನಿಂತು ಹ್ಯಾಂಡಲ್ ಹೊಡೆಯುತ್ತಿದ್ದ ಹುಡುಗನ ಮೇಲೆ ಹಾದುಹೋಯಿತು. ಕಂಡವನು ಗಾಳೆಪ್ಪನೊಬ್ಬನೇ. ಅವನು ಬಾಯಿ ತೆರೆಯುವಷ್ಟರಲ್ಲಿ ಕಾಗದ ಬರೆದು ಮುಗಿದಿತ್ತು.

ಆಮೇಲೆ ಎಂಟು ವರ್ಷ ಅವನು ಅದೇ ಟ್ರ್ಯಾಕ್ಟರು ಓಡಿಸಿದ. ದಿನವೂ ಮಧ್ಯಾಹ್ನ ಅಂದಾನಪ್ಪ ಕೇಳುತ್ತಿದ್ದರು, “ಉಂಡೀಯೇನೋ ಗಾಳ್ಯಾ?” ಆ ಒಂದು ಮಾತು ಕೇಳದೇ ಇದ್ದಿದ್ದರೆ ದ್ವೇಷಿಸುವುದು ಸುಲಭವಾಗುತ್ತಿತ್ತು.

ಕನ್ನಡನಾಡು ಒಂದಾದ ಆ ನವೆಂಬರಿನಲ್ಲಿ ಗದಗ-ಬೆಟಗೇರಿಯಿಂದ ಪತ್ರ ಬಂತು. ಅಲ್ಲಿನ ಹತ್ತಿ ವ್ಯಾಪಾರಿಗಳು ಕೆಲವರು ಹಳೆಯ ಮೋಟಾರುಗಳನ್ನು ಮಕ್ಕಳಂತೆ ಸಾಕಿಕೊಂಡು ಒಂದು ಸಂಘ ಮಾಡಿಕೊಂಡಿದ್ದರು. ಈ ವರ್ಷದ ಅವರ ಸವಾರಿ ಅಂದಾನಪ್ಪನವರ ಎರಡು ಹಳೆಯ ಟ್ರ್ಯಾಕ್ಟರು ನೋಡಲು. ಒಂದು ತುಕ್ಕು ಹಿಡಿದು ಕೂತಿತ್ತು. ಇನ್ನೊಂದು, ಗಾಳೆಪ್ಪ ಓಡಿಸುತ್ತಿದ್ದದ್ದು, ಈಗಲೂ ಹೊತ್ತುತ್ತಿತ್ತು.

“ಮೂವತ್ತು ವರ್ಷ ಆತು, ಒಬ್ಬರಿಗೂ ತ್ರಾಸ ಕೊಟ್ಟಿಲ್ಲ ಅಂತ ಹೇಳ್ತೀನಿ,” ಅಂದಾನಪ್ಪ ಹಿಗ್ಗಿದರು. “ನಾನ ಹ್ಯಾಂಡಲ್ ಹೊಡದು ತೋರಸ್ತೀನಿ.”

ಒಬ್ಬರಿಗೂ. ಆ ರಾತ್ರಿ ಗಾಳೆಪ್ಪ ಊಟ ಮಾಡಲಿಲ್ಲ. ಬೆಳಗಾಗುವುದರೊಳಗೆ ಎಲ್ಲ ತೀರ್ಮಾನವಾಗಿತ್ತು.

ಟ್ರ್ಯಾಕ್ಟರನ್ನು ಇಳಿಜಾರಿಗೆ ಮುಖ ಮಾಡಿ ನಿಲ್ಲಿಸುವುದು. ಫೋಟೋಕ್ಕೆ ಬಿಸಿಲು ಅಲ್ಲೇ ಚೆನ್ನ ಎಂದರೆ ಸಾಕು. ಬಂದವರನ್ನೆಲ್ಲ ಸೀಟಿಗೆ ಹತ್ತಿಸುವುದು. ಸ್ವಂತ ಮೋಟಾರು ಇಟ್ಟವರ ಕೈ ಸುಮ್ಮನಿರುವುದಿಲ್ಲ, ಕಂಡ ಕೋಲನ್ನೆಲ್ಲ ಎಳೆದು ನೋಡುತ್ತದೆ. ಕೊನೆಯವರು ಇಳಿದ ಮೇಲೆ ಸೀಟು ಒರೆಸುವ ನೆವದಲ್ಲಿ ಹತ್ತಿ, ಗೇರು ಹಾಕಿ ಇಳಿಯುವುದು. ಆ ಗೇರು ಯಾರದೆಂದು ಯಾರಿಗೂ ಗೊತ್ತಾಗಬಾರದು, ಹತ್ತಿ ಇಳಿದವರಿಗೂ. ಮಗ ಹೋದ ದಾರಿಯಲ್ಲೇ ಅಂದಾನಪ್ಪನೂ ಹೋಗಬೇಕು. ತಪ್ಪು ಮಾತ್ರ ಬರುವ ಆರು ಮಂದಿಯಲ್ಲಿ ಹಂಚಿಹೋಗಬೇಕು.

ರವಿವಾರ ಆರು ಮೋಟಾರುಗಳು ಧೂಳೆಬ್ಬಿಸಿಕೊಂಡು ಬಂದವು. ಸಂಘದ ಹಿರಿಯ ಚನ್ನಬಸವಣ್ಣ ಮೊದಲು ಸೀಟು ಹತ್ತಿದರು.

“ಫೋಟೋ ತಗೀರಿ, ಮನ್ಯಾಗ ನೋಡಿ ನಗಲಿ.”

“ನಿಮ್ಮ ಮೋಟಾರಿಗಿಂತ ಇದ ಜಲ್ದಿ ಹೊಕ್ಕೈತಿ ಬಿಡ್ರಿ,” ಎಂದರು ಕೆಳಗೆ ನಿಂತ ಗೆಳೆಯರು.

ಒಬ್ಬೊಬ್ಬರೂ ಹತ್ತಿದರು, ಎಳೆದರು, ಇಳಿದರು. ಗಾಳೆಪ್ಪ ಸೀಟು ಒರೆಸಿದ. ಎಲ್ಲರೂ ಬದಿಗೆ ಸರಿದು ನಿಂತರು. ಅಂದಾನಪ್ಪ ಕೋಟು ಬಿಚ್ಚಿ ಮುಂದೆ ಬಂದವರು ಇವನತ್ತ ತಿರುಗಿದರು.

“ಉಂಡೀಯೇನೋ ಗಾಳ್ಯಾ?”

“ಆಮ್ಯಾಲ ಉಣ್ತೀನ್ರಿ.”

ಹ್ಯಾಂಡಲಿನ ಎರಡನೆಯ ಸುತ್ತಿಗೇ ಎಂಜಿನ್ನು ಹೊತ್ತಿತು. ಟ್ರ್ಯಾಕ್ಟರು ಅವರ ಮೇಲೆ ಹಾದು, ಇಳಿಜಾರಿನುದ್ದಕ್ಕೂ ಹೋಗಿ ಕೆಳಗಿನ ಬೇವಿನ ಮರಕ್ಕೆ ಬಡಿದು ನಿಂತಿತು. ಅಂದಾನಪ್ಪನವರ ಕಾಲುಗಳು ಎರಡು ಸಲ ಅಲುಗಿದವು, ಹೊಳೆಯಪ್ಪನ ಕಾಲುಗಳಂತೆಯೇ. ಎದೆ ಹಗುರಾಗುತ್ತದೆ ಎಂದು ಗಾಳೆಪ್ಪ ಕಾದ. ಆಗಲಿಲ್ಲ. ಮಗ ಇನ್ನೊಮ್ಮೆ ಸತ್ತ ಹಾಗಾಯಿತು, ಅಷ್ಟೇ.

ಮುಂಡರಗಿಯಿಂದ ಪೊಲೀಸ್ ಫೌಜದಾರರು ಬಂದರು. ಚನ್ನಬಸವಣ್ಣ ಅಳುತ್ತಿದ್ದರು. “ನನ್ನ ಕೈನ ಗೇರಿಗೆ ತಾಕಿರಬೇಕ್ರಿ ಸಾಹೇಬ್ರ.” ಇನ್ನೊಬ್ಬರು ತಮ್ಮ ಕೈಯೂ ಇರಬಹುದೆಂದರು. ಗಾಳೆಪ್ಪ ತಲೆ ತಗ್ಗಿಸಿ, “ದೊಡ್ಡವರು ಹತ್ತಿದ್ರು, ನಾ ಹೆಂಗ ಬ್ಯಾಡ ಅನ್ಲಿರಿ?” ಎಂದ. ಫೌಜದಾರರು ಎಲ್ಲವನ್ನೂ ಬರೆದುಕೊಂಡರು. ಆಕಸ್ಮಿಕ ಎಂಬ ಮಾತೂ ಬಿತ್ತು.

ಹೊಲದಾಳುಗಳಿಗೆ ಕುಡಿಯುವ ನೀರು ಕೊಡುವ ಮುದುಕಿ ಮೆಹಬೂಬಿ ಫೌಜದಾರರಿಗೊಂದು ತಂಬಿಗೆ ನೀರು ತಂದಳು. “ನಾನೂ ಹೋಗಾಕಿದ್ನಿರಿ ಸಾಹೇಬ್ರ. ದಿನಾ ನಾ ಕುಂಡ್ರೂದು ಆ ಬೇವಿನ ಬುಡಕ. ಇವತ್ತ ಗಾಳೆಪ್ಪಣ್ಣ ತಾನ ನನ್ನ ಕೊಡಾ ಹೊತ್ತು ಬಾವಿ ಕಡೆ ಇಟ್ಟು, ಇವತ್ತೊಂದಿನ ಅಲ್ಲಿ ಕುಂಡ್ರಬ್ಯಾಡವಾ ಅಂದ. ಪುಣ್ಯಾತ್ಮ.” ಅದು ಗಾಳೆಪ್ಪನ ಯೋಜನೆಯಲ್ಲಿ ಇರಲೇ ಇಲ್ಲ, ಕೈ ತಾನಾಗಿಯೇ ಮಾಡಿದ ಕೆಲಸ, ಮಾಡಿದ್ದನ್ನು ಅವನು ಮರೆತೂ ಬಿಟ್ಟಿದ್ದ. ಫೌಜದಾರರ ಪೆನ್ನು ನಿಂತಿತು. “ಯಾವಾಗ ಹೇಳಿದನವಾ?” ಎಂದು ಮೆಲ್ಲಗೆ ಕೇಳಿದರು. “ಮುಂಜಾನೇನರಿ, ಮೋಟಾರು ಇನ್ನೂ ಬಂದಿರಲಿಲ್ಲ,” ಎಂದಳು ಮೆಹಬೂಬಿ. ಮತ್ತೆ ಗಾಳೆಪ್ಪನ ಒಣಗಿದ ಬಾಯಿ ನೋಡಿ, ಅವನಿಗೂ ಒಂದು ತಂಬಿಗೆ ನೀರು ತುಂಬಿ ಕೊಟ್ಟಳು.