ವಿಚಾರಣೆ ಮೇಜಿಗೆ ಬಂದ ಸವತಿ

"ಆ ಮೇಜಿಗೆ ಕೈ ಹಾಕಬೇಡಿ."

ಅವರಿಬ್ಬರ ನಡುವೆ ಆದ ಮೊದಲ ಮಾತೇ ಇದು.

ಮೇಜಿನ ತುದಿ ಹಿಡಿದು ಎಳೆಯುತ್ತಿದ್ದ ಎಂಜಿನಿಯರ್ ತಲೆ ಎತ್ತಿ ನೋಡಿದ. ಎದುರಿಗೆ ಗ್ರಂಥಪಾಲಕಿ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದಳು. ಹನ್ನೊಂದು ವರ್ಷದಿಂದ ಆ ಸಾರ್ವಜನಿಕ ಗ್ರಂಥಾಲಯದ ವಿಚಾರಣೆ ಮೇಜು ಅವಳದೇ. ಯಾವ ಪುಸ್ತಕ ಎಲ್ಲಿದೆ, ಯಾವ ಅರ್ಜಿ ಹೇಗೆ ಬರೆಯಬೇಕು, ಎಲ್ಲದಕ್ಕೂ ಜನ ಬರುತ್ತಿದ್ದುದು ಅವಳ ಹತ್ತಿರವೇ.

ಈಗ ಅದರ ಪಕ್ಕದಲ್ಲಿ, ಕೇಳಿದ್ದಕ್ಕೆಲ್ಲ ತಾನೇ ಉತ್ತರ ಕೊಡುವ ಕೃತಕ ಬುದ್ಧಿಮತ್ತೆಯ ಯಂತ್ರ ಬರಲಿತ್ತು.

"ಎರಡಡಿ ಜಾಗ ಸಾಕು ಮೇಡಂ," ಎಂದ ಅವನು ಮೆತ್ತಗೆ.

ಆ ದನಿ ಅವಳಿಗೆ ಹಿಡಿಸಿತು. ಹಿಡಿಸಿತಲ್ಲಾ ಎಂದೇ ಇನ್ನಷ್ಟು ಸಿಟ್ಟು ಬಂತು!

ವಾರ ಕಳೆಯುವುದರೊಳಗೆ ಅವಳ ಓದುಗರೆಲ್ಲ ಪರದೆಯ ಮುಂದೆ ಸಾಲು ನಿಂತರು. ದಿನಾ ಬಂದು ಅವಳ ತಲೆ ತಿನ್ನುತ್ತಿದ್ದ ನಿವೃತ್ತ ಮೇಷ್ಟ್ರು ಕೂಡ ಈಗ ದೂರದಿಂದಲೇ ತಲೆಯಾಡಿಸಿ ಅತ್ತ ಹೋಗುತ್ತಿದ್ದರು. ಖಾಲಿ ಮೇಜಿನ ಹಿಂದೆ ಕೂತು ಅವಳು ಆ ಸಾಲನ್ನೇ ನೋಡಿ ಉರಿಯುತ್ತಿದ್ದಳು.

ಅದಕ್ಕಿಂತ ಹೆಚ್ಚು ಸುಡುತ್ತಿದ್ದದ್ದು ಬೇರೆ. ಯಂತ್ರ ನೋಡಿಕೊಳ್ಳಲು ದಿನಾ ಬರುತ್ತಿದ್ದ ಎಂಜಿನಿಯರ್, ಬಿಡುವಾದಾಗಲೆಲ್ಲ ಮಕ್ಕಳ ವಿಭಾಗಕ್ಕೆ ಹೋಗಿ ಕೂರುತ್ತಿದ್ದ. ಅಲ್ಲಿದ್ದವಳು ಅವಳ ಗೆಳತಿಯೇ. ಇಬ್ಬರೂ ತಲೆಗೆ ತಲೆ ಹಚ್ಚಿ ಏನೋ ಮಾತಾಡಿ ನಗುತ್ತಿದ್ದರು.

'ನಗಲಿ... ನನಗೇನು?' ಎಂದುಕೊಳ್ಳುತ್ತಲೇ ಅವಳು ಒಂದೇ ಕಾರ್ಡನ್ನು ಮೂರು ಸಲ ಬರೆದಳು.

ಮನೆಯಲ್ಲಿ ಯಂತ್ರವನ್ನು ಬೈದದ್ದೇ ಬೈದದ್ದು. ಬಟ್ಟೆ ಮಡಚುತ್ತಿದ್ದ ಅತ್ತಿಗೆ ಎಲ್ಲ ಕೇಳಿಸಿಕೊಂಡು, ಮೇಜಿಗೆ ಸವತಿ ಬಂದಿದ್ದಾಳೆ ಅನ್ನು, ಎಂದು ಛೇಡಿಸಿದಳು. ಆಮೇಲೆ ಮುಖ ನೋಡಿ ಮೆಲ್ಲಗೆ ಕೇಳಿದಳು: "ಅಲ್ಲ ಕಣೆ, ನಿನ್ನ ಸಿಟ್ಟು ಯಂತ್ರದ ಮೇಲೋ, ಅದನ್ನ ತಂದವನ ಮೇಲೋ?"

ಅವಳು ಮಡಚಿದ ಬಟ್ಟೆಯನ್ನೇ ಎತ್ತಿಕೊಂಡು ಎದ್ದು ಹೋದಳು.

ಒಂದು ಮಂಗಳವಾರ, ಮಗುವನ್ನು ಎತ್ತಿಕೊಂಡ ಹೆಂಗಸೊಬ್ಬಳು ಬಂದು ಬಹಳ ಹೊತ್ತು ಯಂತ್ರದ ಮುಂದೆ ಕೂತಿದ್ದಳು. ಕೆನ್ನೆಯ ಮೇಲೆ ಮಾಸುತ್ತಿದ್ದ ಏಟಿನ ಕಲೆ. 'ಮೊದಲಾಗಿದ್ದರೆ ನನ್ನ ಹತ್ತಿರ ಬರುತ್ತಿದ್ದಳು,' ಎಂದು ಗ್ರಂಥಪಾಲಕಿ ಮುಖ ತಿರುಗಿಸಿಕೊಂಡಳು. ಎದ್ದು ಹೋಗಿ ಮಾತಾಡಿಸಬಹುದಿತ್ತು. ಬಿಂಕ ಬಿಡಲಿಲ್ಲ.

ಮರುದಿನ ಆಕೆಯ ಗಂಡ ಬಂದ. ನಿನ್ನೆ ನನ್ನ ಹೆಂಡತಿ ಇಲ್ಲಿ ಏನು ಕೇಳಿದಳು ಎಂದು ಗದರಿ, ನೇರ ಯಂತ್ರದತ್ತ ನಡೆದ.

ಗ್ರಂಥಪಾಲಕಿಗೆ ತಟ್ಟನೆ ನೆನಪಾಯಿತು. ಮೊದಲು ಬಂದು ಕೂತವರು ಕೇಳಿದ್ದೆಲ್ಲ ಪರದೆಯ ಅಂಚಿನಲ್ಲಿ ಸಾಲಾಗಿ ಕಾಣುತ್ತಿತ್ತು! ಓಡಿಹೋಗಿ ಪ್ಲಗ್ ಕಿತ್ತಳು.

"ಇಲ್ಲಿ ಯಾರು ಏನು ಕೇಳಿದ್ರು ಅಂತ ನಾವು ಯಾರಿಗೂ ಹೇಳಲ್ಲ. ಗಂಡನಿಗೂ ಇಲ್ಲ."

ಆತ ಕೂಗಾಡಿ, ಕಾವಲುಗಾರ ಬಂದ ಮೇಲೆ ಹೊರಟುಹೋದ. ಅವಳು ನೇರ ಮಕ್ಕಳ ವಿಭಾಗಕ್ಕೆ ನುಗ್ಗಿದಳು.

"ನಿಮ್ಮ ಯಂತ್ರ ಒಬ್ಬಳ ಗುಟ್ಟು ಬಿಚ್ಚಿಡ್ತಿತ್ತು. ನೀವಿಲ್ಲಿ ನಗ್ತಾ ಕೂತಿದೀರಿ."

ಎಂಜಿನಿಯರ್ ತಟ್ಟನೆ ಎದ್ದ. ಬಂದು ಪ್ಲಗ್ ಹಾಕಿ, ಹಿಂದಿನ ದಿನದ ಪ್ರಶ್ನೆಗಳನ್ನು ನೋಡಿದ. ಮಗುವಿನೊಂದಿಗೆ ಮನೆ ಬಿಟ್ಟರೆ ಎಲ್ಲಿ ಉಳಿಯಬಹುದು ಎಂದು ಆಕೆ ಕೇಳಿದ್ದಳು. ಯಂತ್ರ ಒಂದಿಷ್ಟೂ ಅಳುಕದೆ ಕೊಟ್ಟಿದ್ದ ವಿಳಾಸದ ಆಶ್ರಯಧಾಮ ಮುಚ್ಚಿ ನಾಲ್ಕು ವರ್ಷವಾಗಿತ್ತು. ಅದು ಗ್ರಂಥಪಾಲಕಿಗೆ ಗೊತ್ತಿತ್ತು. ಯಂತ್ರಕ್ಕೆ ಗೊತ್ತಿರಲಿಲ್ಲ.

ಅವನು ಒಂದು ನೆಪವನ್ನೂ ಹೇಳಲಿಲ್ಲ. ಅಲ್ಲೇ ನಿಂತು ಎಲ್ಲರ ಪ್ರಶ್ನೆಗಳನ್ನೂ ಅಳಿಸಿದ, ಮುಖ್ಯಸ್ಥರ ಬಳಿ ಹೋಗಿ ತಪ್ಪು ನನ್ನದೇ ಎಂದು ಒಪ್ಪಿಕೊಂಡ, ಯಂತ್ರ ತೆಗೆದುಕೊಂಡು ಹೋದ.

ಎರಡು ದಿನ ಬಿಟ್ಟು ಆ ಹೆಂಗಸು, ಆಶ್ರಯಧಾಮದ ಬೀಗ ಹಾಕಿದ ಬಾಗಿಲು ನೋಡಿ ಗ್ರಂಥಾಲಯಕ್ಕೆ ವಾಪಸು ಬಂದಳು. ಗ್ರಂಥಪಾಲಕಿ ತಾನೇ ಫೋನ್ ಮಾಡಿ ಬೇರೊಂದು ಆಶ್ರಯಧಾಮದಲ್ಲಿ ಜಾಗವಿದೆಯೆಂದು ಖಚಿತ ಮಾಡಿಕೊಂಡು, ಮಗುವನ್ನು ಹೆಗಲಿಗೆ ಹಾಕಿಕೊಂಡು ಜೊತೆಗೇ ಹೋಗಿ ಬಿಟ್ಟುಬಂದಳು. 'ಮಂಗಳವಾರವೇ ಎದ್ದಿದ್ದರೆ...' ಎಂಬ ಕೊರಗು ಮಾತ್ರ ಉಳಿಯಿತು.

ಗೆದ್ದ ಖುಷಿಯೂ ಇರಲಿಲ್ಲ. ಪಕ್ಕದ ಎರಡಡಿ ಜಾಗ ಖಾಲಿ ಬಿದ್ದಿತ್ತು. ಕಣ್ಣು ಮಾತ್ರ ಪದೇ ಪದೇ ಬಾಗಿಲ ಕಡೆಗೇ...

ಹದಿನೈದನೇ ದಿನ ಅವನು ಬಂದ. ಕೈಯಲ್ಲಿ ಒಂದು ನೋಟ್‌ಬುಕ್.

ಯಂತ್ರವನ್ನು ತಿದ್ದಿದ್ದೇನೆ, ಓದುಗರು ಎದ್ದ ಕೂಡಲೇ ಪ್ರಶ್ನೆ ಅಳಿಸಿಹೋಗುತ್ತದೆ, ಪ್ರತಿ ಉತ್ತರಕ್ಕೂ ಎಲ್ಲಿಂದ ಸಿಕ್ಕಿತೆಂದು ತೋರಿಸುತ್ತದೆ, ಔಷಧ, ಕಾನೂನು, ಕಷ್ಟಸುಖದ ವಿಷಯ ಬಂದರೆ ಮೇಜಿನಲ್ಲಿರುವವರನ್ನು ಕೇಳಿ ಅನ್ನುತ್ತದೆ ಎಂದು ವಿವರಿಸಿದ. ಅವಳು ತಪ್ಪು ಹುಡುಕಿ ನೋಡಿ ಒಪ್ಪಿದರಷ್ಟೇ ಮತ್ತೆ ಇಡುವುದು, ಒಪ್ಪದಿದ್ದರೆ ಇಲ್ಲ.

"ಇದನ್ನೆಲ್ಲ ಯಾರು ಹೇಳಿಕೊಟ್ರು?"

"ನೀವೇ. ನೀವು ನನ್ನ ಜೊತೆ ಮಾತಾಡ್ತಿರಲಿಲ್ಲ. ಅದಕ್ಕೆ ನಿಮ್ಮ ಗೆಳತಿ ಹತ್ರ ಕೂತು, ನೀವು ಕೆಲಸ ಮಾಡೋ ರೀತಿ ಕೇಳಿ ಬರ್ಕೋತಿದ್ದೆ."

ಅವಳು ನೋಟ್‌ಬುಕ್ ತೆರೆದಳು. 'ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಅಂತಾರೆ.' 'ಓದುಗರು ಹೋದಮೇಲೆ ಚೀಟಿ ಹರಿದು ಹಾಕ್ತಾರೆ.' ಪುಟ ತಿರುವಿದಳು. 'ನಗು ತಡೆಯಲಾಗದಿದ್ದರೆ ಕನ್ನಡಕ ತೆಗೆದು ಒರೆಸ್ತಾರೆ.'

"ಇದು... ಯಂತ್ರಕ್ಕಾ?"

"ಅಲ್ಲ. ಅದು ನನಗೆ."

ಅವಳ ಕಿವಿ ಕೆಂಪಾಯಿತು. 'ಇಷ್ಟು ದಿನ ಯಾರ ಮೇಲೆ ಉರಿದುಕೊಂಡೆ... ನನ್ನ ಮೇಲೆಯೇ?'

"ನನಗೆ ಹೊಟ್ಟೆಕಿಚ್ಚಾಗಿತ್ತು," ಎಂದಳು ಕೊನೆಗೆ. "ಯಂತ್ರದ ಮೇಲಲ್ಲ."

"ನನಗೂ. ಬಂದವರ ಮುಖ ನೋಡಿ ಎಲ್ಲರ ಹತ್ರ ಮಾತಾಡ್ತೀರಿ, ನನ್ನ ಮುಖ ಮಾತ್ರ ನೋಡ್ತಿರಲಿಲ್ಲ. ದೂರದಿಂದ ತಲೆಯಾಡಿಸೋ ಮೇಷ್ಟ್ರನ್ನ ಕಂಡ್ರೆ ಕೂಡ ನಂಗೆ ಉರೀತಿತ್ತು."

ಅವಳು ಮೆಲ್ಲಗೆ ಕನ್ನಡಕ ತೆಗೆದಳು.

"ಈಗ ನೋಡ್ತಾ ಇದೀನಲ್ಲ," ಎಂದಳು. "ಕೇಳಿ, ಏನು ಕೇಳಬೇಕಿತ್ತು?"

"ಸಂಜೆ ಜೊತೆಗೆ ನಡ್ಕೊಂಡು ಹೋಗೋಣ್ವಾ?"

"ಇದಕ್ಕೆ ಉತ್ತರ ಗೊತ್ತು," ಎಂದಳು ಅವಳು. "ಹೋಗೋಣ."