ಟ್ರ್ಯಾಶ್‌ನಲ್ಲಿ ಮೂರು ಪತ್ರ

ಹರಪನಹಳ್ಳಿ ಬಸ್ ಸ್ಟ್ಯಾಂಡಿನ ಎದುರಿನ ತನ್ನ ಆನ್‌ಲೈನ್ ಸೆಂಟರಿನಲ್ಲಿ ಓಬಳೇಶ ಅಂದು ಬೆಳಗಿನಿಂದ ಸುಮ್ಮಸುಮ್ಮನೆ ನಗುತ್ತಿದ್ದ. ಮೂರು ಇಮೇಲ್ ಬರೆದು, ಉತ್ತರ ಕಾಣದೆ ತಿಂಗಳಿಡೀ ಸೊರಗಿದವನಿಗೆ ನಿನ್ನೆ, ಫಾರ್ಮ್ ತುಂಬಿಸಲು ಸೆಂಟರಿಗೆ ಬರುವ ಕೀರ್ತನಾಳಿಂದ ಎರಡು ಸಾಲು ಬಂದಿತ್ತು: ‘ನಾಳೆ ನಾಲ್ಕಕ್ಕೆ ಇಟ್ಟಿಗಿ ರಸ್ತೆಯ ಹಳೇ ಕ್ರಷರ್ ಹತ್ತಿರ ಬನ್ನಿ. ಒಬ್ಬರೇ ಬನ್ನಿ.’

ನರಪಿಳ್ಳೆ ಸುಳಿಯದ ಆ ಕಲ್ಲುಗುಂಡಿಗೇ ಯಾಕೆ ಕರೆದಳು ಎಂದು ಮಹಾಶಯ ಕೇಳಿಕೊಳ್ಳಲೇ ಇಲ್ಲ. ಕಟಿಂಗ್ ಮಾಡಿಸಿ, ಹೊಸ ಅಂಗಿ ತೊಟ್ಟ.

ಮೂರೂವರೆಗೆ ಶಟರ್ ಎಳೆಯಬೇಕು, ಅಷ್ಟರಲ್ಲಿ ಕೀರ್ತನಾಳೇ ಒಳಗೆ ಬಂದಳು.

“ಏನ್ರಿ ಸರ, ಹೊಸ ಅಂಗಿ! ಹೆಣ್ಣು ನೋಡಾಕ ಹೊಂಟೀರೇನು?”

“ನೀವ ಕರದು ನೀವ ಕೇಳ್ತೀರಲ್ಲ!”

ಅವಳು ಹುಬ್ಬೇರಿಸಿ, ಓರೆಗಣ್ಣಿನಲ್ಲಿ ಅವನ ಕಾಲರನ್ನೊಮ್ಮೆ ನೋಡಿ ನಕ್ಕಳು. ಆ ನೋಟಕ್ಕೇ ಎರಡು ವರ್ಷದಿಂದ ಅವನ ನಿದ್ದೆ ಕೆಟ್ಟಿತ್ತು.

“ಚಾಷ್ಟಿ ಬಿಡ್ರಿ. ನನ್ನ ಇಮೇಲ್‌ಗೆ ಏನೋ ಆಗೇತಿ. ನನ್ನ ಗೆಳತಿ ಶೃತಿಗೆ ಸಾಲಿ ಟೀಚರ್ ಇಂಟರ್‌ವ್ಯೂ ಲೆಟರ್ ಬಂದೈತಿ, ನನಗಿಲ್ಲ.”

“ನನ್ನವೂ ಬಂದಿಲ್ಲೇನು?”

“ನಿಮ್ಮವಾ? ನೀವ್ಯಾವಾಗ ಕಳ್ಸಿದ್ರಿ?”

ಅವಳ ಕಣ್ಣಲ್ಲಿ ಹುಡುಗಾಟ ಇರಲಿಲ್ಲ.

ಓಬಳೇಶ ಅವಳ ಖಾತೆಗೆ ಲಾಗಿನ್ ಆದ. ಸ್ಪ್ಯಾಮ್ ಖಾಲಿ. ಸೆಟ್ಟಿಂಗ್ಸಿನಲ್ಲಿ ಯಾರೋ ಫಿಲ್ಟರ್ ಹಾಕಿದ್ದರು: ಆ ಶಾಲೆಯ ವಿಳಾಸ, ಅದರ ಕೆಳಗೆ ಅವನದೇ ವಿಳಾಸ, ಬಂದ ಕೂಡಲೇ ಟ್ರ್ಯಾಶ್‌ಗೆ. ಟ್ರ್ಯಾಶ್ ತೆರೆದರೆ ಶಾಲೆಯ ಲೆಟರ್ ಜೊತೆ ಅವನ ಮೂರೂ ಪತ್ರಗಳಿದ್ದವು. ಮೂರನ್ನೂ ಯಾರೋ ಆಗಲೇ ಓದಿದ್ದರು. ಈ ಖಾತೆ ಇನ್ನೊಂದು ಫೋನಿನಲ್ಲೂ ತೆರೆದಿತ್ತು; ಅದರ ಮಾಡೆಲ್ ಪರದೆಯ ಮೇಲಿತ್ತು.

“ಇದು ನಮ್ಮಣ್ಣನ ಫೋನು,” ಎಂದಳು ಕೀರ್ತನಾ.

ತಪ್ಪು ಓಬಳೇಶನದೇ. ಎರಡು ವರ್ಷದ ಹಿಂದೆ ಈ ಇಮೇಲ್ ಮಾಡಿಕೊಟ್ಟಾಗ ಅಣ್ಣ ಚನ್ನಬಸವ ಪಕ್ಕದಲ್ಲೇ ನಿಂತು, “ಹೆಣ್ಮಗಳ ನಂಬರ್ ಯಾಕ? ನಂದ ಹಾಕು,” ಅಂದಿದ್ದ. ಎಲ್ಲರ ಮನೆಯಲ್ಲೂ ಹಾಗೇ ಹೇಳುತ್ತಾರೆ, ಇವನೂ ಹಾಕಿದ್ದ. ಪಾಸ್‌ವರ್ಡ್ ಮರೆತೆ ಎಂದರೆ ಓಟಿಪಿ ಹೋಗುವುದು ಆ ನಂಬರಿಗೇ. ಅವಳ ಫೋನನ್ನು ಅಣ್ಣ ದಿನಾ ತಡಕುತ್ತಾನೆಂದು ಇವನು ಇಮೇಲನ್ನು ನಂಬಿದ್ದ! ಓಬಳೇಶನ ಕೇರಿಯವರನ್ನು ಹೊಸ್ತಿಲ ಆಚೆಗೇ ನಿಲ್ಲಿಸಿ ಮಾತಾಡಿಸುವ ಮನೆ ಅದು.

ನಿನ್ನೆಯ ಉತ್ತರವನ್ನು ಅವಳಿಗೆ ತೋರಿಸಿದ. ಅವಳು ಅದನ್ನು ಎರಡು ಸಲ ಓದಿದಳು.

“ನಾ ಬರದಿಲ್ಲ ಇದು. ನೀವು ಅಲ್ಲಿಗೆ ಹೋಗಿದ್ರ...”

ಮೇಜಿನ ಮೇಲಿನ ಓಬಳೇಶನ ಫೋನು ಸದ್ದು ಮಾಡಿತು. ಕೀರ್ತನಾಳ ಹೆಸರಿನಿಂದ ಹೊಸ ಇಮೇಲ್: ‘ಎಲ್ಲಿದ್ದೀರಿ? ಬಂದು ಕಾಯ್ತಾ ಇದ್ದೀನಿ.’ ಕೀರ್ತನಾ ಅವನ ಎದುರಿಗೇ ಕೂತಿದ್ದಳು, ಎರಡೂ ಕೈ ಮಡಿಲಲ್ಲಿಟ್ಟುಕೊಂಡು.

ಅವಳು ಕುರ್ಚಿಯನ್ನು ಕಂಪ್ಯೂಟರಿನತ್ತ ಎಳೆದುಕೊಂಡು ಮೂರೂ ಪತ್ರಗಳನ್ನು ನಿಧಾನವಾಗಿ ಓದಿದಳು. ಓಬಳೇಶ ಬಾಗಿಲನ್ನೇ ನೋಡುತ್ತಿದ್ದ.

“ಅಣ್ಣನ ನಂಬರ್ ತಗದು ನಂದು ಹಾಕ್ರಿ. ಅವನ ಫೋನಿನಿಂದ ಲಾಗೌಟ್ ಮಾಡ್ರಿ.”

“ಒತ್ತಿದ ಕೂಡ್ಲೇ ಅವರಿಗೆ ಗೊತ್ತಾಗತೈತಿ. ಸೀದಾ ಇಲ್ಲಿಗೇ ಬರ್ತಾರ.”

“ಗೊತ್ತಾಗ್ಲಿ,” ಎಂದು ಅವಳೇ ಮೌಸ್ ಕಿತ್ತುಕೊಂಡು ಒತ್ತಿದಳು. “ಫೋನಿನ್ಯಾಗ ತುಂಬೋ ಫಾರ್ಮಿಗೂ ನಾ ಇಲ್ಲಿಗೇ ಯಾಕ ಬರ್ತಿದ್ದೆ ಅನ್ಕೊಂಡೀರಿ? ಬಾಯಿಬಿಟ್ಟು ಹೇಳ್ಬೇಕೇನು? ನೀವಂದ್ರ ನನಗ ಜೀವ. ಏಳ್ರಿ, ಪೊಲೀಸ್ ಸ್ಟೇಷನ್‌ಗೆ ಹೋಗಾನ.”

“ಕೀರ್ತನಾ, ನಿಮ್ಮ ಮನಿ...”

“ಅಣ್ಣ ಸುಳ್ಳು ಬರದಿಲ್ರಿ. ನಾ ಬಂದೀನಿ. ಜಾಗ ಅಷ್ಟ ಬ್ಯಾರೆ.”

ಅವನು ಶಟರ್ ಎಳೆದು ಬೀಗ ಹಾಕಿದ. ಬಸ್ ಸ್ಟ್ಯಾಂಡಿನ ಅಷ್ಟೂ ಜನರ ಕಣ್ಣೆದುರು ಅವಳು ಅವನ ಕೈ ಹಿಡಿದುಕೊಂಡಳು. ಅಷ್ಟರಲ್ಲಿ ಅವಳ ಬ್ಯಾಗಿನಲ್ಲಿ ಫೋನು ರಿಂಗಾಗತೊಡಗಿತು. ಅವಳು ಅದನ್ನು ಎತ್ತಲಿಲ್ಲ, ಕಟ್ ಕೂಡ ಮಾಡಲಿಲ್ಲ. ಸ್ಟೇಷನ್ನಿನ ಮೆಟ್ಟಿಲು ಹತ್ತುವವರೆಗೂ ಅದು ಬಡಿದುಕೊಳ್ಳುತ್ತಲೇ ಇತ್ತು. ಕೈ ಮಾತ್ರ ಬಿಡಲಿಲ್ಲ.